ಹೊಗೆಯೊಳಗೆ ಎಲ್ಲಿದ್ದೀರಿ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವುಸ್ಟರ್ ಎಂಬ ಊರಿದೆ. ಅಲ್ಲಿನ ಹೆದ್ದಾರಿಯ ಮಗ್ಗುಲಲ್ಲಿ ಒಂದು ಹಳೆಯ ಶೀತಲಗೃಹವಿತ್ತು. 1906ರಲ್ಲಿ ಕಟ್ಟಿದ್ದು, ಆರು ಅಂತಸ್ತು. ಮಾಂಸ ಮೊದಲಾದ ಪದಾರ್ಥಗಳನ್ನು ಕೆಡದಂತೆ ಇಡಲು ಕಟ್ಟಿದ್ದಾದ್ದರಿಂದ ಹೊರಗಿನ ಬಿಸಿ ಒಳಗೆ ನುಸುಳಬಾರದೆಂದು ದಪ್ಪ ಇಟ್ಟಿಗೆ ಗೋಡೆ, ಗೋಡೆಯ ಒಳಮೈಗೆ ಬೆಂಡು, ಡಾಂಬರು, ಪ್ಲಾಸ್ಟಿಕ್ ನೊರೆಯ ಹೊದಿಕೆ. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ತಳದಿಂದ ತಾರಸಿಯವರೆಗೆ ಹತ್ತಲು ಇದ್ದದ್ದು ಒಂದೇ ಮೆಟ್ಟಿಲ ಸಾಲು. ಎಷ್ಟೋ ವರ್ಷಗಳಿಂದ ಕಟ್ಟಡ ಪಾಳುಬಿದ್ದಿತ್ತು.

1999ರ ಡಿಸೆಂಬರ್ 3, ಶುಕ್ರವಾರ. ಚಳಿಗಾಲದ ಸಂಜೆ ಆರು ಗಂಟೆ ದಾಟಿತ್ತು. ತಾರಸಿಯಿಂದ ಹೊಗೆ ಏಳುತ್ತಿದೆ ಎಂಬ ಸುದ್ದಿ ಬಂತು. ಅಗ್ನಿಶಾಮಕ ದಳದ ಬಂಡಿಗಳು ಕೆಲವೇ ನಿಮಿಷಗಳಲ್ಲಿ ಬಂದವು. ಪಾಳು ಕಟ್ಟಡವಾದರೂ ಮನೆಮಠವಿಲ್ಲದ ಇಬ್ಬರು ಒಳಗೆ ವಾಸವಾಗಿದ್ದಾರೆ ಎಂದು ಯಾರೋ ಹೇಳಿದರು. ಮಾತು ಸುಳ್ಳಲ್ಲ, ಅವರ ಮೋಂಬತ್ತಿ ಉರುಳಿದ್ದರಿಂದಲೇ ಬೆಂಕಿ ಹತ್ತಿತ್ತು. ಆದರೆ ಅವರು ಯಾರಿಗೂ ಹೇಳದೆ ಆಗಲೇ ಕಟ್ಟಡ ಬಿಟ್ಟು ಹೋಗಿದ್ದರು. ಅದು ಅಗ್ನಿಶಾಮಕರಿಗೆ ಗೊತ್ತಿರಲಿಲ್ಲ. ಜೀವ ಇದೆ ಎಂದ ಮೇಲೆ ಹುಡುಕಲೇಬೇಕು.

ಹುಡುಕಲು ಹೋದ ಪಾಲ್ ಬ್ರದರ್ಟನ್ ಮತ್ತು ಜೆರೆಮಯ ಲೂಸಿ ಎಂಬಿಬ್ಬರು ಹಠಾತ್ತನೆ ಕವಿದ ಕಪ್ಪು ಹೊಗೆಯಲ್ಲಿ ದಾರಿ ತಪ್ಪಿದರು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಉಸಿರಾಡಲು ಇರುವ ಗಾಳಿ ಕೆಲವು ನಿಮಿಷಗಳಿಗೆ ಮಾತ್ರ. ರೇಡಿಯೋದಲ್ಲಿ ತಾವು ಸಿಕ್ಕಿಕೊಂಡಿದ್ದೇವೆ, ಗಾಳಿ ತೀರುತ್ತಿದೆ ಎಂದು ಕೂಗಿದರು. ಎಲ್ಲಿದ್ದೀರಿ ಎಂಬ ಪ್ರಶ್ನೆಗೆ ಅವರಿಂದ ಬಂದ ಉತ್ತರ, ತಾರಸಿಯಿಂದ ಕೆಳಗೆ ಎರಡನೆಯ ಅಂತಸ್ತು ಎಂದು. ಹೊರಗೆ ನಿಂತವರಿಗೆ ಅಂತಸ್ತು ಎಣಿಸಲು ಕಿಟಕಿಗಳೇ ಇಲ್ಲ. ಮೇಲಿನಿಂದ ಎರಡನೆಯದು ಎಂದರೆ ಕೆಳಗಿನಿಂದ ಎಷ್ಟನೆಯದು? ಅಂತಸ್ತು ಸಿಕ್ಕಿದರೂ ಆ ಕತ್ತಲೆಯ ಬಯಲಿನಲ್ಲಿ ಯಾವ ಮೂಲೆ?

ಅವರನ್ನು ಹುಡುಕಲು ಮತ್ತೆ ಕೆಲವರು ಹೋದರು. ಹೋದವರಲ್ಲಿ ಟಿಮತಿ ಜ್ಯಾಕ್ಸನ್, ಜೇಮ್ಸ್ ಲಯನ್ಸ್, ಜೋಸೆಫ್ ಮೆಕ್‌ಗರ್ಕ್, ಥಾಮಸ್ ಸ್ಪೆನ್ಸರ್ ಎಂಬ ನಾಲ್ವರು ತಿರುಗಿ ಬರಲಿಲ್ಲ. ಇನ್ನೂ ಒಳನುಗ್ಗಲು ತಯಾರಾಗಿ ನಿಂತಿದ್ದ ಜೊತೆಗಾರರನ್ನು ಮೈಕ್ ಮೆಕ್‌ನಮೀ ಎಂಬ ಮುಖ್ಯಾಧಿಕಾರಿ ಮೆಟ್ಟಿಲಿನ ಬುಡದಲ್ಲಿ ಅಡ್ಡ ನಿಂತು ತಡೆದರು. ತನ್ನವರೇ ಆರು ಮಂದಿ ಒಳಗಿರುವಾಗ ಉಳಿದವರನ್ನು ಸಾಕು ಎಂದು ತಡೆಯುವುದು ಎಂಥ ಕೆಲಸ ಎಂಬುದನ್ನು ಓದುಗರೇ ಊಹಿಸಬೇಕು. ಸುಟ್ಟು ಕುಸಿದ ಅವಶೇಷಗಳಿಂದ ಆರೂ ದೇಹಗಳನ್ನು ಹೊರತೆಗೆಯಲು ಎಂಟು ದಿನ ಹಿಡಿಯಿತು.

ಸಮುದ್ರದ ನಡುವೆ ತೇಲುವ ಹಡಗು ತಾನೆಲ್ಲಿದ್ದೇನೆಂದು ಕೆಲವೇ ಮೀಟರುಗಳ ನಿಖರತೆಯಲ್ಲಿ ತಿಳಿದುಕೊಳ್ಳಬಲ್ಲ ಕಾಲ ಅದಾಗಲೇ ಬಾಗಿಲಲ್ಲಿತ್ತು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದ ಆರು ಮಂದಿಯನ್ನು ಹುಡುಕಲು ಮಾತ್ರ ಆಗಲಿಲ್ಲ. ಅವರ ರೇಡಿಯೋ ಕೆಲಸ ಮಾಡುತ್ತಿತ್ತು, ದನಿ ಕೇಳುತ್ತಿತ್ತು, ಸಹಾಯಕ್ಕೆ ಬೇಕಾದಷ್ಟು ಜನ ಇದ್ದರು. ಇಲ್ಲದೇ ಹೋದದ್ದು ‘ಎಲ್ಲಿ’ ಎಂಬ ಒಂದು ಮಾತಿಗೆ ಉತ್ತರ.

ಆಕಾಶದ ಪಿಸುಮಾತು

ಜಿಪಿಎಸ್ ಎಂಬ ಉಪಗ್ರಹ ವ್ಯವಸ್ಥೆ ಅಂದು ಇರಲಿಲ್ಲವೆಂದಲ್ಲ. ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ದೋಷ ಬೆರೆಸುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ದೋಷವನ್ನು ತೆಗೆದುಹಾಕಿತು. ಆದರೆ ಅದನ್ನು ಎಷ್ಟೇ ಶುದ್ಧಗೊಳಿಸಿದ್ದರೂ ಆ ಶೀತಲಗೃಹದೊಳಗೆ ಅದರಿಂದ ಉಪಯೋಗವಾಗುತ್ತಿರಲಿಲ್ಲ. ಏಕೆಂದು ತಿಳಿಯಲು ಅದು ಕೆಲಸ ಮಾಡುವ ರೀತಿಯನ್ನು ಒಂದಿಷ್ಟು ನೋಡಬೇಕು.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ‘ನಾನು ಇಂಥ ಉಪಗ್ರಹ, ಈಗ ಇಂಥ ಜಾಗದಲ್ಲಿದ್ದೇನೆ, ಈಗಿನ ಸಮಯ ಇಷ್ಟು’ ಎಂದು ರೇಡಿಯೋ ತರಂಗಗಳ ಮೂಲಕ ಅವು ಸದಾ ಸಾರುತ್ತಿರುತ್ತವೆ. ನೆತ್ತಿಯ ಮೇಲಿನ ಉಪಗ್ರಹದಿಂದ ಆ ಮಾತು ನೆಲ ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು. ಹೊರಟ ಸಮಯಕ್ಕೂ ತಲಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ಸಿಕ್ಕಿತು. ಮೂರು ಉಪಗ್ರಹಗಳ ದೂರ ತಿಳಿದರೆ ಜಾಗ ತಿಳಿಯುತ್ತದೆ. ಕೈಯಲ್ಲಿರುವ ಫೋನಿನ ಗಡಿಯಾರ ಅಷ್ಟು ನಂಬಿಕೆಯದಲ್ಲವಾದ್ದರಿಂದ ಅದನ್ನು ತಿದ್ದಲು ನಾಲ್ಕನೆಯದೊಂದು ಬೇಕು. ಗಣಿತ ಬಲ್ಲ ವಿದ್ಯಾರ್ಥಿಗಳು ಇದನ್ನು ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣ ಎಂದು ಥಟ್ಟನೆ ಗುರುತಿಸಿಯಾರು.

ಇಲ್ಲಿ ಸಮಯ ಎಷ್ಟು ಸೂಕ್ಷ್ಮವಾಗಿರಬೇಕೆಂದರೆ, ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, 30 ಸೆಂಟಿಮೀಟರ್ ಓಡುತ್ತದೆ. ಶಾಲೆಯ ಅಡಿಪಟ್ಟಿಯ ಉದ್ದ ಅಷ್ಟೇ. ಹತ್ತು ನ್ಯಾನೋಸೆಕೆಂಡ್ ತಪ್ಪಿದರೆ ಮೂರು ಮೀಟರ್ ತಪ್ಪಿದಂತೆ. ಬಯಲಿನಲ್ಲಿ ಮೂರು ಮೀಟರ್ ಲೆಕ್ಕಕ್ಕಿಲ್ಲ. ಕಟ್ಟಡದೊಳಗೆ ಮೂರು ಮೀಟರ್ ಎಂದರೆ ಗೋಡೆಯ ಆಚೆ ಬದಿ, ಇಲ್ಲವೆ ಮೇಲಿನ ಮಹಡಿ.

ಇನ್ನು ಸಂಕೇತದ ಬಲ. ಅಷ್ಟು ದೂರದಿಂದ ಬರುವಷ್ಟರಲ್ಲಿ ಅದು ಎಷ್ಟು ಸೊರಗುತ್ತದೆಂದರೆ ನೆಲದ ಮೇಲೆ ಫೋನಿಗೆ ಸಿಗುವ ಶಕ್ತಿ ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು. ಒಂದರ ಮುಂದೆ ಹದಿನಾರು ಸೊನ್ನೆ ಬರೆದು ಅದರಿಂದ ಭಾಗಿಸಿ ನೋಡಿ. ಇಂಥ ಪಿಸುಮಾತನ್ನು ಗದ್ದಲದ ನಡುವೆ ಕೇಳಿಸಿಕೊಳ್ಳುವುದೇ ಒಂದು ಸೋಜಿಗ. ಆ ಪಿಸುಮಾತು ಕಾಂಕ್ರೀಟ್ ಚಾವಣಿ ಹಾದು ಒಳಬರಬೇಕಾದರೆ ಅದರ ನೂರರಲ್ಲಿ ಒಂದಂಶ ಉಳಿದರೆ ಪುಣ್ಯ. ಹಲವು ಮಹಡಿಗಳ ಕೆಳಗಾದರೆ ಅದೂ ಇಲ್ಲ.

ಬಲ ಕುಂದುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಿಟಕಿಯಿಂದ ನುಸುಳಿದ ತರಂಗ ನೇರವಾಗಿ ಬಾರದೆ ಎದುರು ಕಟ್ಟಡಕ್ಕೋ ಒಳಗಿನ ಬೀರುವಿಗೋ ಬಡಿದು ಸುತ್ತಿ ಬರುತ್ತದೆ. ಫೋನಿಗೆ ಇದು ಗೊತ್ತಾಗುವುದಿಲ್ಲ. ಸುತ್ತಿ ಬಂದ ದಾರಿಯನ್ನೇ ನೇರ ದಾರಿಯೆಂದು ನಂಬಿ ಲೆಕ್ಕ ಹಾಕುತ್ತದೆ. ದೊಡ್ಡ ಮಾಲ್‌ಗಳಲ್ಲಿ ನಕ್ಷೆಯ ಮೇಲಿನ ನೀಲಿ ಚುಕ್ಕೆ ಇದ್ದಕ್ಕಿದ್ದಂತೆ ಹಾರಿ ರಸ್ತೆಯ ಆಚೆ ಕೂರುವುದನ್ನು ಬಹಳ ಮಂದಿ ಕಂಡಿರುತ್ತಾರೆ. ಏನೂ ಗೊತ್ತಿಲ್ಲ ಎನ್ನುವ ಉಪಕರಣಕ್ಕಿಂತ ಸುಳ್ಳನ್ನು ಧೈರ್ಯವಾಗಿ ಹೇಳುವ ಉಪಕರಣ ಹೆಚ್ಚು ಅಪಾಯಕಾರಿ.

ಕಟ್ಟಡವೇ ಹೇಳಲಿ

ಆಕಾಶ ನೆರವಾಗದಿದ್ದರೆ ಕಟ್ಟಡವನ್ನೇ ಕೇಳೋಣವೆಂದು ಹೊರಟವರು ಅದಕ್ಕೆ ಮೊದಲೇ ಇದ್ದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಓಲಿವೆಟ್ಟಿ ಪ್ರಯೋಗಾಲಯದಲ್ಲಿ 1990ರ ಆಸುಪಾಸಿನಲ್ಲಿ ರಾಯ್ ವಾಂಟ್ ಮತ್ತು ಸಂಗಡಿಗರು ಒಂದು ಎದೆಬಿಲ್ಲೆ ತಯಾರಿಸಿದರು. ಅದು 15 ಸೆಕೆಂಡಿಗೊಮ್ಮೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ತನ್ನ ಗುರುತನ್ನು ಮಿನುಗಿಸುತ್ತಿತ್ತು. ಕೋಣೆಗೊಂದರಂತೆ ಇಟ್ಟ ಗ್ರಾಹಕ ಅದನ್ನು ಹಿಡಿದು ಇಂಥವರು ಈ ಕೋಣೆಯಲ್ಲಿದ್ದಾರೆ ಎಂದು ತಿಳಿಸುತ್ತಿತ್ತು. ಫೋನ್ ಕರೆ ಬಂದಾಗ ಆ ವ್ಯಕ್ತಿ ಇದ್ದಲ್ಲಿಗೇ ಅದನ್ನು ತಿರುಗಿಸಬಹುದಾಗಿತ್ತು. ಬೆಳಕು ಗೋಡೆ ದಾಟದು ಎಂಬ ಕೊರತೆಯನ್ನೇ ಅವರು ಗುಣವಾಗಿಸಿಕೊಂಡಿದ್ದರು ಎಂಬುದು ಮೆಚ್ಚತಕ್ಕ ಸಂಗತಿ.

2000ದಲ್ಲಿ ಎಂಐಟಿಯ ಹರಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ‘ಕ್ರಿಕೆಟ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಅದು ಆಟದ ಹೆಸರಲ್ಲ, ಮಿಡತೆಯ ಜಾತಿಯ ಹುಳುವಿನದು. ಚಾವಣಿಯಲ್ಲಿಟ್ಟ ಸಾಧನ ರೇಡಿಯೋ ಸಂಕೇತವನ್ನೂ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನೂ ಒಟ್ಟಿಗೇ ಬಿಡುತ್ತದೆ. ಮಿಂಚು ಕಂಡ ಮೇಲೆ ಗುಡುಗು ಎಷ್ಟು ಹೊತ್ತಿಗೆ ಕೇಳಿಸಿತೆಂದು ಎಣಿಸಿ ಸಿಡಿಲು ಎಷ್ಟು ದೂರವೆಂದು ಹೇಳುವ ಹಳ್ಳಿಯ ಲೆಕ್ಕವೇ ಇದು. ಸೆಕೆಂಡಿನ ಸಾವಿರದ ಒಂದು ಭಾಗ ತಪ್ಪಿದರೆ ರೇಡಿಯೋ ಲೆಕ್ಕದಲ್ಲಿ 300 ಕಿಲೋಮೀಟರ್ ತಪ್ಪುತ್ತದೆ. ಧ್ವನಿಯ ಲೆಕ್ಕದಲ್ಲಿ 34 ಸೆಂಟಿಮೀಟರ್ ಮಾತ್ರ. ಧ್ವನಿ ನಿಧಾನಿಯಾದದ್ದೇ ಅನುಕೂಲವಾಯಿತು.

ಅದೇ ವರ್ಷ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಪರಮವೀರ್ ಬಹ್ಲ್ ಮತ್ತು ವೆಂಕಟ ಪದ್ಮನಾಭನ್ ಬೇರೊಂದು ದಾರಿ ತೋರಿಸಿದರು. ಕಟ್ಟಡದಲ್ಲಿ ಹೇಗೂ ನಿಸ್ತಂತು ಜಾಲದ ಪೆಟ್ಟಿಗೆಗಳಿವೆ. ಪ್ರತಿ ಜಾಗದಲ್ಲೂ ಅವುಗಳ ಸಂಕೇತದ ಬಲ ಬೇರೆ ಬೇರೆ ಇರುತ್ತದೆ. ಮೊದಲೇ ಒಮ್ಮೆ ಎಲ್ಲ ಕಡೆ ತಿರುಗಿ ಈ ಬಲಗಳ ಪಟ್ಟಿ ಮಾಡಿಟ್ಟರೆ, ಆಮೇಲೆ ಸಿಕ್ಕ ಬಲವನ್ನು ಪಟ್ಟಿಗೆ ಹೋಲಿಸಿ ಜಾಗ ಗುರುತಿಸಬಹುದು. ಬೆರಳಚ್ಚು ಹೋಲಿಸಿದ ಹಾಗೆ. ಒಂದು ಅಂತಸ್ತಿನ 70 ಜಾಗಗಳಲ್ಲಿ ಮೂರು ಪೆಟ್ಟಿಗೆಗಳ ಬಲ ಅಳೆದ ಅವರಿಗೆ ಎರಡು ಮೂರು ಮೀಟರ್ ನಿಖರತೆ ಸಿಕ್ಕಿತು. ಒಂದು ತಮಾಷೆ: ಅದೇ ಜಾಗದಲ್ಲಿ ನಿಂತು ಬೆನ್ನು ತಿರುಗಿಸಿದರೆ ಅಳತೆ ಬದಲಾಗುತ್ತಿತ್ತು. ಮನುಷ್ಯನ ಮೈ ಬಹುಪಾಲು ನೀರು. ನೀರು ಆ ತರಂಗಗಳನ್ನು ಹೀರುತ್ತದೆ. ಪದ್ಮನಾಭನ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಪ್ರಯೋಗಾಲಯಕ್ಕೆ ಬಂದರು. ಮೊದಲೇ ಪಟ್ಟಿ ಮಾಡುವ ಬೇಸರದ ಕೆಲಸವನ್ನು ಕಟ್ಟಡದಲ್ಲಿ ಓಡಾಡುವವರ ಫೋನುಗಳೇ ತಮಗರಿವಿಲ್ಲದೆ ಮಾಡಿಕೊಡುವಂತೆ ಮಾಡುವ ಉಪಾಯವನ್ನು 2012ರಲ್ಲಿ ಅಲ್ಲಿನ ತಂಡ ಪ್ರಕಟಿಸಿತು.

ಇಂದು ವಿಮಾನ ನಿಲ್ದಾಣದಲ್ಲೋ ದೊಡ್ಡ ಅಂಗಡಿಯಲ್ಲೋ ಫೋನು ತಾನಿರುವ ಜಾಗವನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳುತ್ತಿದ್ದರೆ ಅದು ಈ ದಾರಿಗಳ ಕೂಡುಫಲ. ಆದರೆ ವುಸ್ಟರಿನ ಕಟ್ಟಡಕ್ಕೆ ಇದನ್ನು ಅನ್ವಯಿಸಿ ನೋಡಿ. ಪಾಳುಬಿದ್ದ ಮನೆಯಲ್ಲಿ ಪೆಟ್ಟಿಗೆ ಇಟ್ಟವರಾರು? ಇಟ್ಟಿದ್ದರೂ ಬೆಂಕಿ ಬಿದ್ದಾಗ ಮೊದಲು ಹೋಗುವುದು ಕರೆಂಟು. ಪಟ್ಟಿ ಮಾಡಿದ್ದರೂ ಗೋಡೆ ಕುಸಿದ ಮೇಲೆ, ಬಾಗಿಲು ಸುಟ್ಟ ಮೇಲೆ ಪಟ್ಟಿ ಹಳತು. ಅಗ್ನಿಶಾಮಕ ಹೋಗುವ ಕಟ್ಟಡವನ್ನು ಅವನು ಆ ದಿನವೇ ಮೊದಲ ಸಲ ನೋಡುತ್ತಿರುತ್ತಾನೆ. ಅವನಿಗೆ ಬೇಕಾದ್ದು ಹೊತ್ತುಕೊಂಡು ಹೋಗಬಹುದಾದ ವಿದ್ಯೆ.

ವುಸ್ಟರ್ ಊರಿನಲ್ಲೇ ಒಂದು ಹಳೆಯ ಎಂಜಿನಿಯರಿಂಗ್ ಕಾಲೇಜಿದೆ, ವುಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್. ತಮ್ಮ ಊರಿನ ಆರು ಜನರ ಸಾವು ಅಲ್ಲಿನ ಪ್ರಾಧ್ಯಾಪಕರನ್ನು ಕಾಡದೆ ಬಿಡಲಿಲ್ಲ. ಡೇವಿಡ್ ಸಿಗಾನ್‌ಸ್ಕಿ, ಜಾನ್ ಓರ್, ಜೇಮ್ಸ್ ಡಕ್‌ವರ್ತ್ ಮೊದಲಾದವರು ವರ್ಷಗಟ್ಟಲೆ ಇದರ ಬೆನ್ನುಹತ್ತಿದರು. ಅಗ್ನಿಶಾಮಕನ ಮೈಮೇಲೊಂದು ಪುಟ್ಟ ಪ್ರೇಷಕ, ಕಟ್ಟಡದ ಸುತ್ತ ನಿಂತ ಬಂಡಿಗಳ ಮೇಲೆ ಗ್ರಾಹಕಗಳು. ಒಳಗಿನಿಂದ ಬಂದ ರೇಡಿಯೋ ತರಂಗಗಳ ಲೆಕ್ಕದಿಂದ ಅವನ ಜಾಗವನ್ನು ಹೊರಗಿನ ಪರದೆಯ ಮೇಲೆ ಕಾಣಿಸುವುದು ಅವರ ಯೋಜನೆ. ಮರದ ಮನೆಗಳಲ್ಲಿ ಅದು ಚೆನ್ನಾಗಿಯೇ ಬಂತು. ಉಕ್ಕು ತುಂಬಿದ ಕಟ್ಟಡಗಳಲ್ಲಿ ಪ್ರತಿಫಲನ ಕಾಡಿತು. ಖಾಲಿ ಬಾವಿಯೊಳಗೆ ಮಗುವೊಂದು ಕೂಗಿದರೆ ದನಿ ಯಾವ ಬದಿಯದೆಂದು ತಿಳಿಯುವುದೇ? ಹಾಗಾಯಿತು. 2006ರಿಂದ ಈ ವಿಷಯದ ಮೇಲೆ ಅವರು ಕರೆಯತೊಡಗಿದ ಕಮ್ಮಟಗಳಿಗೆ ಸಂಶೋಧಕರೊಡನೆ ಅಗ್ನಿಶಾಮಕರೂ ಬಂದು ಕೂತರು.

ಹೆಜ್ಜೆಯ ಲೆಕ್ಕ

ಇನ್ನೊಂದು ಬಗೆಯ ಉತ್ತರ ಹೊರಗಿನ ಯಾರನ್ನೂ ನಂಬದು. ಹೊರಟ ಜಾಗ ಗೊತ್ತಿದ್ದು, ಎಷ್ಟು ಹೆಜ್ಜೆ ಯಾವ ಕಡೆಗೆ ನಡೆದೆ ಎಂಬ ಲೆಕ್ಕ ತಪ್ಪದಿದ್ದರೆ ಇರುವ ಜಾಗ ತಿಳಿಯಬೇಕಲ್ಲವೆ? ನಡುರಾತ್ರಿ ಕರೆಂಟು ಹೋದಾಗ ಮನೆಯವರೆಲ್ಲ ಮಾಡುವುದು ಇದನ್ನೇ. ಮಂಚದಿಂದ ನಾಲ್ಕು ಹೆಜ್ಜೆ, ಬಲಕ್ಕೆ ತಿರುಗಿದರೆ ಅಡಿಗೆಮನೆ, ಕೈಚಾಚಿದರೆ ಬೆಂಕಿಪೆಟ್ಟಿಗೆ. ಹಡಗಿನವರು ಶತಮಾನಗಳ ಕಾಲ ಹೀಗೇ ಲೆಕ್ಕ ಹಾಕಿಕೊಂಡು ಸಾಗರ ದಾಟಿದರು.

ಉಪಕರಣದ ಮಟ್ಟಿಗೆ ಇದಕ್ಕೆ ಎರಡು ಅಂಗ ಬೇಕು. ವೇಗ ಹೆಚ್ಚುವುದನ್ನೂ ಕುಗ್ಗುವುದನ್ನೂ ಅಳೆಯುವ ವೇಗೋತ್ಕರ್ಷಮಾಪಕ ಒಂದು. ತಿರುಗಿದ್ದನ್ನು ಅಳೆಯುವ ಗೈರೋಸ್ಕೋಪ್ ಇನ್ನೊಂದು. ಒಂದು ಕಾಲದಲ್ಲಿ ವಿಮಾನ, ಜಲಾಂತರ್ಗಾಮಿಗಳಿಗೆ ಮಾತ್ರ ಎಟಕುತ್ತಿದ್ದ ಇವು ಸಿಲಿಕಾನ್ ಚೂರಿನ ಮೇಲೆ ಕೆತ್ತುವ ಕಲೆ ಬಂದಮೇಲೆ ಅಕ್ಕಿಕಾಳಿನ ಗಾತ್ರಕ್ಕೆ ಇಳಿದಿವೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರ ತಾನೇ ಹೊರಳುವುದು ಇವುಗಳಿಂದ.

ಆದರೆ ಅಗ್ಗದ ವಸ್ತುವಿಗೆ ಅಗ್ಗದ ಬುದ್ಧಿ. ನಿಶ್ಚಲವಾಗಿ ಇಟ್ಟಿದ್ದರೂ ಮಾಪಕ ಸೊನ್ನೆಯ ಬದಲು ಸೆಕೆಂಡಿನ ವರ್ಗಕ್ಕೆ 0.01 ಮೀಟರ್ ಎಂದು ತೋರಿಸಿತೆನ್ನಿ. ಗುರುತ್ವದ 9.8ರ ಮುಂದೆ ಇದು ಸಾವಿರದಲ್ಲಿ ಒಂದಂಶ. ಪಿಯುಸಿ ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಸೂತ್ರ ಹಾಕಲಿ: ದೂರವೆಂದರೆ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದ್ದು. ಒಂದು ನಿಮಿಷಕ್ಕೆ 60ರ ವರ್ಗ 3,600. ಗುಣಿಸಿದರೆ 18 ಮೀಟರ್. ಮೇಜಿನ ಮೇಲೆ ಮಲಗಿರುವ ಉಪಕರಣ ಒಂದೇ ನಿಮಿಷದಲ್ಲಿ ಪಕ್ಕದ ಮನೆಗೆ ಹೋಗಿಬಿಟ್ಟಿತು! ಹತ್ತು ನಿಮಿಷಕ್ಕೆ ಕಾಲ ಹತ್ತು ಪಟ್ಟು, ದೋಷ ನೂರು ಪಟ್ಟು: 1,800 ಮೀಟರ್. ಅಗ್ನಿಶಾಮಕನ ಸಿಲಿಂಡರ್ ಬರಿದಾಗುವ ಹೊತ್ತಿಗೆ ಅವನು ಊರ ಹೊರಗಿದ್ದಾನೆಂದು ಪರದೆ ಹೇಳೀತು.

ಇದಕ್ಕೆ ಸಿಕ್ಕಿದ ಪರಿಹಾರ ಬಹಳ ಸರಳ. ಮಾಪಕವನ್ನು ಸೊಂಟದಲ್ಲೋ ಕಿಸೆಯಲ್ಲೋ ಇಡದೆ ಬೂಟಿನ ಹಿಮ್ಮಡಿಯಲ್ಲಿಟ್ಟರೆ? ನಡೆಯುವ ಮನುಷ್ಯನ ದೇಹ ಸದಾ ಚಲಿಸುತ್ತಲೇ ಇರುತ್ತದೆ. ಆದರೆ ಅವನ ಪಾದ ಪ್ರತಿ ಹೆಜ್ಜೆಯಲ್ಲೂ ನೆಲವೂರಿ ಒಂದು ಗಳಿಗೆ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಪಾದದ ವೇಗ ಸೊನ್ನೆಯಾಗಿರಲೇಬೇಕು. ಆಗ ಲೆಕ್ಕ ಸೊನ್ನೆ ತೋರಿಸದಿದ್ದರೆ ತೋರಿಸಿದಷ್ಟೂ ಸುಳ್ಳು; ಅದನ್ನು ಕಳೆದುಹಾಕಿ, ಹಿಂದಿನ ಹೆಜ್ಜೆಯ ಲೆಕ್ಕವನ್ನೂ ತಿದ್ದಿ ಮುಂದಿನ ಹೆಜ್ಜೆಗೆ ಹೊಸದಾಗಿ ಆರಂಭಿಸಬಹುದು. ಸಾಲ ಬೆಳೆಯುವ ಮೊದಲೇ ದಿನದಿನವೂ ತೀರಿಸಿದ ಹಾಗೆ. ಹತ್ತು ನಿಮಿಷ ಬೆಳೆಯುತ್ತಿದ್ದ ದೋಷಕ್ಕೆ ಈಗ ಬೆಳೆಯಲು ಸಿಗುವುದು ಒಂದು ಸೆಕೆಂಡು ಮಾತ್ರ. ಎರಿಕ್ ಫಾಕ್ಸ್‌ಲಿನ್ ಎಂಬ ಅಮೆರಿಕದ ಸಂಶೋಧಕ 2005ರಲ್ಲಿ ಪ್ರಕಟಿಸಿದ ಪ್ರಬಂಧ ಈ ಬೂಟಿನ ವಿದ್ಯೆಗೆ ಹೆಸರು ತಂದಿತು.

ಇಲ್ಲಿಂದ ಕಥೆ ಬೆಂಗಳೂರಿಗೂ ಬರುತ್ತದೆ. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂವಹನ ವಿಭಾಗದ ಪ್ರಾಧ್ಯಾಪಕ ಕೆ.ವಿ.ಎಸ್. ಹರಿ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿರುವ ಕೆಟಿಎಚ್ ತಾಂತ್ರಿಕ ವಿದ್ಯಾಲಯದ ಪೀಟರ್ ಹಾಂಡೆಲ್, ಐಸಾಕ್ ಸ್ಕೂಗ್, ಜಾನ್-ಊಲೋಫ್ ನಿಲ್ಸನ್ ಅವರೊಡನೆ ಕೂಡಿ ‘ಓಪನ್ ಶೂ’ ಎಂಬ ಬೂಟಿನ ಉಪಕರಣವನ್ನು ರೂಪಿಸಿದರು. 2012ರಲ್ಲಿ ಅದರ ವಿವರ ಪ್ರಕಟವಾಯಿತು. ಹೆಸರೇ ಹೇಳುವಂತೆ ಅದು ತೆರೆದ ಬೂಟು: ಯಂತ್ರದ ರಚನೆಯನ್ನೂ ಅದನ್ನು ನಡೆಸುವ ಕಂಪ್ಯೂಟರ್ ಬರಹವನ್ನೂ ಗುಟ್ಟಾಗಿಡದೆ ಯಾರು ಬೇಕಾದರೂ ತಯಾರಿಸಿಕೊಳ್ಳಲೆಂದು ಬಿಟ್ಟುಕೊಟ್ಟರು. ಬೆಲೆ ಕಟ್ಟಿ ಬೀಗ ಹಾಕಬಹುದಾಗಿದ್ದ ಸಾಮಾನು ಇದು. ಹಾಕಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಆದರೂ ಒಂದು ದೋಷ ಉಳಿಯಿತು. ಪಾದ ನಿಂತಾಗ ವೇಗ ಸೊನ್ನೆಯೆಂದು ತಿಳಿಯುತ್ತದೆ, ಮುಖ ಯಾವ ದಿಕ್ಕಿಗಿದೆಯೆಂದು ತಿಳಿಯುವುದಿಲ್ಲ. ಗೈರೋಸ್ಕೋಪ್ ನಿಧಾನವಾಗಿ ವಾಲುತ್ತದೆ. ದಿಕ್ಕು ಐದೇ ಡಿಗ್ರಿ ತಪ್ಪಿದರೂ 50 ಮೀಟರ್ ನಡೆಯುವಷ್ಟರಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಅಡ್ಡ ಸರಿದಿರುತ್ತದೆ. ದಿಕ್ಸೂಚಿ ಇಡಬಹುದಲ್ಲ ಎನ್ನಬಹುದು. ಫೋನಿನ ದಿಕ್ಸೂಚಿಯನ್ನು ಕೋಣೆಯ ನಡುವೆ ಒಮ್ಮೆ ನೋಡಿ, ಮತ್ತೆ ಉಕ್ಕಿನ ಬೀರುವಿನ ಬಳಿ ಒಯ್ದು ನೋಡಿ. ಉತ್ತರ ತಾನೇ ಸಿಗುತ್ತದೆ. ಕಾಂಕ್ರೀಟಿನೊಳಗಿನ ಕಂಬಿಗಳೂ ಅದೇ ಕೆಲಸ ಮಾಡುತ್ತವೆ.

ಈ ತಂಡ ಸ್ವೀಡನ್ನಿನ ರಕ್ಷಣಾ ಸಂಶೋಧನಾ ಸಂಸ್ಥೆಯವರನ್ನೂ ಕೂಡಿಕೊಂಡು 2014ರಲ್ಲಿ ಇದಕ್ಕೊಂದು ದಾರಿ ತೋರಿಸಿತು. ಸ್ವೀಡನ್ನಿನಲ್ಲಿ ಉಸಿರಾಟದ ಸಿಲಿಂಡರ್ ಹೊತ್ತು ಉರಿಯುವ ಮನೆಯೊಳಗೆ ಹೋಗುವವರನ್ನು ‘ಹೊಗೆಯಲ್ಲಿ ಮುಳುಗುವವರು’ ಎಂದೇ ಕರೆಯುತ್ತಾರೆ. ಅವರು ಹೋಗುವುದು ಒಂಟಿಯಾಗಿ ಅಲ್ಲ, ಜೋಡಿಯಾಗಿ. ಒಬ್ಬನ ಎರಡೂ ಬೂಟುಗಳಲ್ಲಿ ಒಂದೊಂದು ಉಪಕರಣ. ಎಡಗಾಲಿನದು ಒಂದು ಕಡೆಗೆ ವಾಲಿದರೆ ಬಲಗಾಲಿನದು ಇನ್ನೊಂದು ಕಡೆಗೆ ವಾಲೀತು; ಆದರೆ ಒಬ್ಬನ ಎರಡು ಪಾದಗಳು ಒಂದು ಅಳತೆಗಿಂತ ಹೆಚ್ಚು ದೂರ ಹೋಗಲಾರವಷ್ಟೆ. ಆ ಅಳತೆ ಮೀರಿದ ಲೆಕ್ಕವನ್ನು ಎಳೆದು ಸರಿಪಡಿಸಬಹುದು. ಜೊತೆಗೆ ಇಬ್ಬರ ನಡುವಿನ ದೂರವನ್ನು ಅವರ ರೇಡಿಯೋಗಳು ಅಳೆಯುತ್ತಿರುತ್ತವೆ. ಹೀಗೆ ಒಬ್ಬನ ತಪ್ಪಿಗೆ ಇನ್ನೊಬ್ಬನ ಲೆಕ್ಕ ಕಡಿವಾಣವಾಗುತ್ತದೆ. ಎರಡು ಎತ್ತು ಒಂದೇ ನೊಗಕ್ಕೆ ಕಟ್ಟಿದ್ದರೆ ಒಂದೇ ಸಾಲು ಬಿಟ್ಟು ಓಡಲಾಗದಲ್ಲ, ಹಾಗೆ.

ಬಗೆಹರಿಯಿತೆ? ಪೂರ್ತಿಯಾಗಿ ಇಲ್ಲ. ಹೊಗೆ ಮೇಲೆ ಸೇರುವುದರಿಂದ ನೆಲದ ಬಳಿ ಬಿಸಿ ಕಡಿಮೆ, ನೋಟವೂ ಸ್ವಲ್ಪ ಉತ್ತಮ. ಆದ್ದರಿಂದ ಅಗ್ನಿಶಾಮಕರು ನಡೆಯುವುದಕ್ಕಿಂತ ಮಂಡಿಯೂರಿ ತೆವಳುವುದೇ ಹೆಚ್ಚು. ತೆವಳುವವನ ಪಾದ ನೆಲವನ್ನು ತಟ್ಟಿ ನಿಲ್ಲುವುದಿಲ್ಲ. ನೆಲದ ಮೇಲೆ ಎಳೆದಾಡುತ್ತದೆ. ಪಡಸಾಲೆಯಲ್ಲಿ ನೆಟ್ಟಗೆ ನಡೆದು ಪಡೆದ ಅಂಕಿ ಇಲ್ಲಿ ಹಾಗೆಯೇ ಸಿಗಲಾರದು.

ಯಾವ ಮಹಡಿ?

ಬ್ರದರ್ಟನ್ ಮತ್ತು ಲೂಸಿ ಯಾವ ಅಂತಸ್ತಿನಲ್ಲಿದ್ದರು ಎಂಬುದೇ ಮೊದಲ ತೊಡಕಾಗಿತ್ತೆಂಬುದನ್ನು ನೆನೆಯಬೇಕು. ಎತ್ತರ ತಿಳಿಯಲು ಇಂದು ಇರುವ ಸುಲಭ ಸಾಧನ ವಾಯುಭಾರಮಾಪಕ. ಸಮುದ್ರಮಟ್ಟದ ಸುಮಾರಿನಲ್ಲಿ ಒಂದು ಮೀಟರ್ ಏರಿದರೆ ಗಾಳಿಯ ಒತ್ತಡ 12 ಪಾಸ್ಕಲಿನಷ್ಟು ಇಳಿಯುತ್ತದೆ. ಮಹಡಿಯೊಂದಕ್ಕೆ 36 ಪಾಸ್ಕಲ್. ಒಟ್ಟು ಒತ್ತಡ ಒಂದು ಲಕ್ಷ ಪಾಸ್ಕಲಿಗೂ ಮೇಲಿರುವಾಗ ಇದು ಏನೇನೂ ಅಲ್ಲ, ಆದರೂ ಹಲವು ಫೋನುಗಳಲ್ಲಿರುವ ಪುಟ್ಟ ಮಾಪಕ ಇದನ್ನು ಗುರುತಿಸುತ್ತದೆ. ಅಂಥ ಫೋನಿದ್ದ ವಿದ್ಯಾರ್ಥಿಗಳು ಮೆಟ್ಟಿಲು ಹತ್ತುತ್ತ ಅಂಕಿ ಬರೆದುಕೊಂಡರೆ ಭೌತವಿಜ್ಞಾನದ ಒಳ್ಳೆಯ ಪ್ರಯೋಗವಾದೀತು. ಕಷ್ಟವೆಂದರೆ ಗಾಳಿಯ ಒತ್ತಡ ಹವೆಯೊಡನೆ ಗಂಟೆಗಂಟೆಗೂ ಬದಲಾಗುತ್ತದೆ, ಆದ್ದರಿಂದ ಹತ್ತಿರದಲ್ಲೇ ಎತ್ತರ ಗೊತ್ತಿರುವ ಕಡೆ ಇನ್ನೊಂದು ಮಾಪಕ ಬೇಕು. ಉರಿಯುವ ಮನೆಯಲ್ಲಂತೂ ಕಾವು, ಹೊಗೆ ನೂಕಲು ಇಡುವ ಬೀಸಣಿಗೆಗಳು ಎಲ್ಲವೂ ಒತ್ತಡವನ್ನು ಕದಡುತ್ತವೆ.

ಅಮೆರಿಕದ ದೂರಸಂಪರ್ಕ ಆಯೋಗ 2019ರ ನವೆಂಬರಿನಲ್ಲಿ ತುರ್ತು ಕರೆಗಳಿಗೆ ಎತ್ತರದ ನಿಯಮವೊಂದನ್ನು ಒಪ್ಪಿತು: ಕರೆಗಳಲ್ಲಿ ಸೇಕಡಾ 80ರಷ್ಟಕ್ಕೆ ಮೇಲಕ್ಕೋ ಕೆಳಕ್ಕೋ ಮೂರು ಮೀಟರಿನೊಳಗೆ ಎತ್ತರ ತಿಳಿಯಬೇಕು. ಸ್ಥೂಲವಾಗಿ ಒಂದು ಮಹಡಿಯ ಲೆಕ್ಕ. ಇದು ಅಗ್ನಿಶಾಮಕರ ವಿಷಯ ಮಾತ್ರ ಅಲ್ಲ. ಹೊಗೆ ಏನು ಮಾಡಬಲ್ಲದೆಂಬುದು ಬೆಂಗಳೂರಿಗೂ ಗೊತ್ತಿದೆ. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಅದು ಒಂಬತ್ತು ಮಂದಿಯ ಸಾವಿಗೆ ಕಾರಣವಾಯಿತು. ಎತ್ತರದ ಕಟ್ಟಡಗಳಲ್ಲಿ ವಾಸಿಸುವ ತಂದೆತಾಯಿಗಳು ತಮ್ಮ ಮಕ್ಕಳನ್ನು ಒಮ್ಮೆ ಕೇಳಿ ನೋಡಲಿ: ಕಟ್ಟಡದ ಹೆಸರು, ಯಾವ ವಿಭಾಗ, ಎಷ್ಟನೆಯ ಮಹಡಿ, ಮೆಟ್ಟಿಲು ಬಾಗಿಲಿನ ಎಡಕ್ಕೋ ಬಲಕ್ಕೋ. ಸದಾ ಲಿಫ್ಟಿನಲ್ಲಿ ಓಡಾಡುವ ಎಷ್ಟೋ ಮಕ್ಕಳಿಗೆ ಕೊನೆಯ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. 101ಕ್ಕೋ 112ಕ್ಕೋ ಕರೆ ಮಾಡಿದಾಗ ಫೋನು ಹೇಳಲಾರದ್ದನ್ನು ಬಾಯಿ ಹೇಳಬೇಕಾಗುತ್ತದೆ.

ಇತ್ತೀಚಿನ ಇನ್ನೊಂದು ಪ್ರಯತ್ನ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ್ದು, ಮಂಗಳನ ಮೇಲೆ ಬಂಡಿ ಇಳಿಸಿದವರದ್ದು. ರೇಡಿಯೋ ತರಂಗ ಗೋಡೆಗೆ ಬಡಿದು ಚೆದರುವುದಾದರೆ ತರಂಗವೇ ಬೇಡವೆಂದು ಅವರು ಬಹಳ ನಿಧಾನವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಹಿಡಿದರು. ಅದು ಇಟ್ಟಿಗೆ, ಕಾಂಕ್ರೀಟುಗಳನ್ನು ಲೆಕ್ಕಿಸದೆ ಹಾಯುತ್ತದೆ, ಪ್ರತಿಫಲಿಸುವುದಿಲ್ಲ. ಆದರೆ ದೂರ ಹೆಚ್ಚಿದಂತೆ ಬಲು ಬೇಗ ಕುಂದುವುದರಿಂದ ಅದರ ಕೈ ಚಾಚುವುದು ಹತ್ತಾರು ಮೀಟರ್ ಮಾತ್ರ. ಉರಿಯುವ ಒಂದು ಮನೆಗೆ ಅಷ್ಟು ಸಾಕಾದೀತು. ‘ಪಾಯಿಂಟರ್’ ಎಂದು ಅದರ ಹೆಸರು.

ವುಸ್ಟರ್ ದುರಂತದ ತನಿಖಾ ವರದಿ ಅಗ್ನಿಶಾಮಕರ ಚಲನೆಯನ್ನು ಗುರುತಿಸುವ ಸಾಧನಗಳಿಗಾಗಿ ಸಂಶೋಧನೆ ನಡೆಯಲಿ ಎಂದು ಶಿಫಾರಸು ಮಾಡಿತ್ತು. ಅದೇ ವರದಿ ದಾರಿ ತೋರುವ ಹಗ್ಗಗಳನ್ನು ಬಳಸಬೇಕೆಂದೂ ಹೇಳಿತ್ತು. ಸಂಶೋಧನೆ ಕಾಲು ಶತಮಾನದಿಂದ ನಡೆದಿದೆ. ಎಲ್ಲ ಕಟ್ಟಡಕ್ಕೂ ಎಲ್ಲ ಬೆಂಕಿಗೂ ನಂಬಬಹುದಾದ ಒಂದೇ ಉಪಕರಣ ಇನ್ನೂ ಬಂದಿಲ್ಲ. ಹಗ್ಗ ಮಾತ್ರ ಇಂದಿಗೂ ಬಂಡಿಯಲ್ಲಿದೆ.

ನೀರಿನ ಕೊಳವೆಯೂ ಅದೇ ಕೆಲಸಕ್ಕೆ ಬರುತ್ತದೆ. ಅಮೆರಿಕದ ಅಗ್ನಿಶಾಮಕ ಶಾಲೆಗಳಲ್ಲಿ ಹೊಸಬರ ಮುಖವಾಡದ ಗಾಜನ್ನು ಮುಚ್ಚಿ ಕತ್ತಲೆ ಮಾಡಿ ನೆಲದಲ್ಲಿ ಸುರುಳಿಬಿದ್ದ ಕೊಳವೆಯನ್ನು ಕೈಗೆ ಕೊಡುತ್ತಾರೆ. ಎರಡು ಕೊಳವೆ ಕೂಡುವ ಲೋಹದ ಬೆಸುಗೆಯನ್ನು ಅವರು ತಡವಿ ಹುಡುಕಬೇಕು. ಅದರ ಒಂದು ಬದಿ ಹೆಚ್ಚುಕಡಿಮೆ ನುಣುಪು, ಇನ್ನೊಂದು ಬದಿಯಲ್ಲಿ ಎದ್ದು ತೋರುವ ಉಬ್ಬುಗಳು. ಉಬ್ಬುಗಳಿರುವ ಬದಿಗೆ ಹಿಡಿದು ತೆವಳಿದರೆ ನೀರು ಬರುವ ಬಂಡಿ, ಅಂದರೆ ಹೊರಗಿನ ಗಾಳಿ. ನುಣುಪು ಬದಿಗೆ ಹೋದರೆ ಬೆಂಕಿ. ದಪ್ಪ ಕೈಚೀಲದ ಒಳಗಿನಿಂದ ಬೆರಳಿಗೆ ಆ ವ್ಯತ್ಯಾಸ ತಿಳಿಯುವವರೆಗೆ ಅವರನ್ನು ಮತ್ತೆ ಮತ್ತೆ ಕತ್ತಲೆಗೆ ಕಳಿಸುತ್ತಾರೆ.